ಗುಡ್ಡದ ಮೇಲಿನ ಅರಿವೆ

ಮಸ್ಕಿಯ ಗುಡ್ಡದ ಮೇಲೆ, ಊರಿನ ಕಡೆ ಮುಖ ಮಾಡಿ ನಿಂತ ದೊಡ್ಡ ಬಂಡೆಯ ಸಂದಿನಲ್ಲಿ ಬಿದಿರಿನ ಗಳವೊಂದನ್ನು ನಿಲ್ಲಿಸಿದ್ದರು. ಅದರ ತುದಿಗೆ ಕೆಲವು ದಿನ ಕೆಂಪು ಅರಿವೆ ಇರುತ್ತಿತ್ತು, ಕೆಲವು ದಿನ ಬಿಳಿಯದು. ಕೆಂಪು ಇದ್ದರೆ ಹತ್ತಿಯ ದರ ಏರಲಿದೆ ಎಂದು ಅರ್ಥ. ಬಿಳಿ ಇದ್ದರೆ ಇಳಿಯಲಿದೆ ಎಂದು. ನಿಜಾಮರ ಸರ್ಕಾರದ ಕೊನೆಯ ವರ್ಷಗಳವು. ಬಾವುಟ ಎಂಬ ಮಾತು ಕಿವಿಗೆ ಬಿದ್ದರೆ ಪೊಲೀಸ್ ಅಮೀನರು ನಿಂತು ವಿಚಾರಿಸುತ್ತಿದ್ದ ಕಾಲ. ಹಾಗಾಗಿ ಯಾರೂ ಅದನ್ನು ಬಾವುಟ ಎನ್ನುತ್ತಿರಲಿಲ್ಲ, ಅರಿವೆ ಎನ್ನುತ್ತಿದ್ದರು. "ಇವತ್ತ ಯಾವ ಅರಿವಿ ಐತಬೇ?" ಎಂದು ಬೆಳಿಗ್ಗೆ ಬಾವಿಯ ಹತ್ತಿರ ಹೆಂಗಸರೂ ಕೇಳಿಕೊಳ್ಳುತ್ತಿದ್ದರು.

ಅದನ್ನು ಕಟ್ಟಿಸುತ್ತಿದ್ದವರು ಊರಿನ ಅಡತಿ ಅಂಗಡಿಯ ಸಾಹುಕಾರರು. ರೈತರ ಹತ್ತಿ ಕೊಂಡು, ಗೋದಾಮಿನಲ್ಲಿ ಕೂಡಿಟ್ಟು, ಲಿಂಗಸುಗೂರಿನಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿನವರಿಗೂ ರಾಯಚೂರಿನ ವರ್ತಕರಿಗೂ ಮಾರುವುದು ಅವರ ಕಸುಬು. ಮುಂಬಯಿಯ ದರ ತಾರಿನಲ್ಲಿ, ಎಂದರೆ ತಂತಿಯಲ್ಲಿ, ರಾಯಚೂರಿಗೆ ಬರುತ್ತದೆ, ಅಲ್ಲಿಂದ ಮೋಟಾರಿನವನ ಕೈಲಿ ಲಿಂಗಸುಗೂರಿಗೆ ಚೀಟಿ ಬರುತ್ತದೆ, ಲಿಂಗಸುಗೂರಿನಿಂದ ನಮ್ಮ ಕುದುರೆಯವನು ತರುತ್ತಾನೆ, ಚೀಟಿ ನೋಡಿ ಅರಿವೆ ಕಟ್ಟಿಸುತ್ತೇನೆ ಎಂದು ಅವರು ಹೇಳುತ್ತಿದ್ದರು. ಇದಕ್ಕಾಗಿ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. "ನಂದೇನ ಹೋಗತೈತಿ? ಎರಡು ಗಜ ಅರಿವಿ, ಒಂದು ಬಿದಿರು. ಜನಕ್ಕ ಫಾಯದಾ ಆದ್ರ ಸಾಕು" ಎನ್ನುತ್ತಿದ್ದರು. ಕುದುರೆಯನ್ನು ನಾನು ಕಂಡಿದ್ದೇನೆ. ಚೀಟಿಯನ್ನು ಕಂಡಿಲ್ಲ. ಕಾಣಬೇಕು ಎಂದು ಆಗ ಅನಿಸಲೂ ಇಲ್ಲ.

ನಾನು ಮಸ್ಕಿಯ ಸರ್ಕಾರಿ ಮದರಸಾದಲ್ಲಿ, ಆಗ ಶಾಲೆಗೆ ಹಾಗೆನ್ನುತ್ತಿದ್ದರು, ಮಾಸ್ತರನಾಗಿದ್ದೆ. ಅದರ ಪಡಸಾಲೆಯಿಂದ ಗುಡ್ಡ ನೇರ ಕಾಣುತ್ತಿತ್ತು. ಮೊದಮೊದಲು ನಾನು ಅರಿವೆಯನ್ನು ನಂಬಿರಲಿಲ್ಲ. ನಂಬದವನು ಸುಮ್ಮನೆ ಇರಬಹುದಿತ್ತು. ನಾನು ಪರೀಕ್ಷೆ ಮಾಡಲು ಹೋದೆ. ಪಡಸಾಲೆಯ ಮಣ್ಣಿನ ಗೋಡೆಯ ಮೇಲೆ ಪ್ರತಿ ಸಂತೆಯ ದಿನ ಒಂದು ಗೆರೆ ಎಳೆಯುತ್ತಿದ್ದೆ: ಆ ವಾರ ಕೆಂಪಿದ್ದರೆ ಕೆಮ್ಮಣ್ಣಿನದು, ಬಿಳಿಯಿದ್ದರೆ ಸುಣ್ಣದ್ದು. ಮುಂದಿನ ಸಂತೆಗೆ ದರ ಏರಿತೋ ಇಳಿಯಿತೋ ತಿಳಿದುಕೊಂಡು ಅದರ ಕೆಳಗೆ ಇದ್ದಿಲಿನಲ್ಲಿ ಗುರುತು ಹಾಕುತ್ತಿದ್ದೆ. ಎರಡು ಹಂಗಾಮು ಹೀಗೆ ಮಾಡಿದೆ. ಜಡ್ಡು ಬಿದ್ದು ಮಲಗಿದ ವಾರವೂ ಎದ್ದು ಹೋಗಿ ಗೆರೆ ಎಳೆದು ಬಂದಿದ್ದೇನೆ. ಅರಿವೆಯ ಮಾತು ತಪ್ಪಿದ ವಾರಗಳು ತೀರ ಕಡಿಮೆ ಇದ್ದವು. ನನಗೇ ಆಶ್ಚರ್ಯವಾಯಿತು.

ದರ ನನಗೆ ಎಲ್ಲಿಂದ ತಿಳಿಯುತ್ತಿತ್ತು ಎಂಬುದನ್ನು ಇಲ್ಲಿಯೇ ಬರೆದುಬಿಡಬೇಕು. ನಮ್ಮ ಕಡೆ ಹತ್ತಿಯ ವ್ಯಾಪಾರದಲ್ಲಿ ದರವನ್ನು ಬಾಯಿಂದ ಆಡುತ್ತಿರಲಿಲ್ಲ. ಕೊಳ್ಳುವವನು ಹೆಗಲ ಮೇಲಿನ ವಲ್ಲಿಯನ್ನು ತನ್ನ ಬಲಗೈ ಮೇಲೆ ಹರವಿಕೊಳ್ಳುತ್ತಿದ್ದ. ಮಾರುವವನು ಅದರ ಅಡಿಯಲ್ಲಿ ಕೈ ಇಡುತ್ತಿದ್ದ. ಬೆರಳು ಹಿಡಿದರೆ ರೂಪಾಯಿ, ಗೆಣ್ಣು ಒತ್ತಿದರೆ ಆಣೆ. ಸುತ್ತ ನಿಂತವರಿಗೆ ಕಾಣುವುದು ಅಲುಗಾಡುವ ಬಟ್ಟೆ ಮಾತ್ರ. ಕೈ ಕುಲುಕಿ ಮುಗಿದ ಮೇಲೂ ಒಳಗಿನ ದರವನ್ನು ಹೊರಗೆ ಹೇಳುವುದು ಮರ್ಯಾದೆಯಲ್ಲ ಎಂದು ಎಲ್ಲರೂ ನಡೆದುಕೊಂಡು ಬಂದಿದ್ದರು. ಹೀಗಾಗಿ ಸಂತೆಯ ಸಂಜೆ ನಾನು ಅಡತಿ ಅಂಗಡಿಗೇ ಹೋಗಿ ಸಾಹುಕಾರರನ್ನೇ ಕೇಳುತ್ತಿದ್ದೆ. "ಹೋದ ವಾರಕ್ಕಿಂತ ಇಳೀತ್ರಿ ಮಾಸ್ತರ್ರ" ಎಂದರೆ ಇಳಿದದ್ದು, "ಏರೇತಿ" ಎಂದರೆ ಏರಿದ್ದು. ಅರಿವೆ ಕಟ್ಟಿಸಿದವರ ಬಾಯಿಂದಲೇ ಅರಿವೆಯ ನಿಜವನ್ನು ಕೇಳಿ ತಂದು ಗೋಡೆಯ ಮೇಲೆ ಬರೆಯುತ್ತಿದ್ದೆ. ಇಷ್ಟು ಸಣ್ಣ ವಿಷಯ ಎರಡು ಹಂಗಾಮು ನನ್ನ ಕಣ್ಣಿಗೆ ಬೀಳಲಿಲ್ಲ. ಬೀಳಲಿಲ್ಲವೋ, ಬೀಳಗೊಡಲಿಲ್ಲವೋ, ಈಗ ಖಾತ್ರಿಯಾಗಿ ಹೇಳಲಾರೆ.

ಯಾಕೆಂದರೆ ಆ ಹೊತ್ತಿಗೆ ಗೋಡೆಗೆ ಹೆಸರು ಬಂದಿತ್ತು. ಒಂದು ದಿನ ಸಾಹುಕಾರರು ತಾವಾಗಿ ಮದರಸಾಕ್ಕೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಗೋಡೆಯ ಮುಂದೆ ಬಹಳ ಹೊತ್ತು ನಿಂತರು.

"ಮಾಸ್ತರ್ರ, ನಿಮ್ಮ ಗ್ವಾಡಿ ನನ್ನ ಅರಿವಿಗಿಂತ ದೊಡ್ಡದಾತಲ್ರೀ!" ಎಂದು ನಕ್ಕರು. "ನಾ ಹೇಳಿದ್ರ ಜನ ಏನಂತಾರ? ದಲಾಲಿ ಬುದ್ಧಿ ಅಂತಾರ. ನಿಮಗೇನ ಲಾಭ ಐತಿ ಹೇಳ್ರಿ? ನೀವು ಹೇಳಿದ್ರ ನಂಬ್ತಾರ."

ಅಂದಿನಿಂದ ಸಂತೆಯ ದಿನ ಅಂಗಡಿಯ ಗಾದಿಯ ಮೇಲೆ ನನಗೊಂದು ಜಾಗವಾಯಿತು. ಹಳ್ಳಿಗಳಿಂದ ಬಂದವರು ಅನುಮಾನಿಸಿದರೆ ಸಾಹುಕಾರರು ನನ್ನ ಕಡೆ ಕೈ ತೋರುತ್ತಿದ್ದರು. ನಾನು ಗೋಡೆಯ ಲೆಕ್ಕ ಹೇಳುತ್ತಿದ್ದೆ. ಒಂದು ಲೋಟ ಚಹಾ ಬಿಟ್ಟರೆ ನನಗೆ ಅದರಿಂದ ಏನೂ ಸಿಗುತ್ತಿರಲಿಲ್ಲ. ಆ ಜಾಗ ಬೇಕಾಗಿತ್ತು, ಅಷ್ಟೇ. ಊರಿನ ಹಜಾಮ ಒಮ್ಮೆ ನನ್ನ ಗಡ್ಡ ಕೆರೆಯುತ್ತ, "ಮಾಸ್ತರ್ರ, ಅರಿವಿ ಹೇಳಿದಂಗ ದರ ಏಳತೈತೋ, ನೀವು ಹೇಳಿದಂಗ ಅರಿವಿ ಏಳತೈತೋ?" ಎಂದು ಕೇಳಿದ್ದ. ತಮಾಷೆ ಎಂದು ನಕ್ಕಿದ್ದೆ.

ಪಾಮನಕಲ್ಲೂರಿನಲ್ಲಿ ನನ್ನ ಅಕ್ಕನ ಮನೆ. ಭಾವ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಭಾವನ ಪಾಲಿನ ಎರೆ ಹೊಲವನ್ನು ಅಕ್ಕನೇ ಆಳು ಹಚ್ಚಿ ಮಾಡಿಸುತ್ತಿದ್ದಳು. ಆ ವರ್ಷ ಮನೆಯ ಎತ್ತುಗಳಲ್ಲಿ ಒಂದು ಸತ್ತಿತು, ಇನ್ನೊಂದು ಮುದಿಯಾಗಿತ್ತು. ಇದೇ ಸಮಯವೆಂದು ಆಕೆಯ ಮೈದುನ ಮಾತು ತೆಗೆದ: ಹೆಂಗಸೊಬ್ಬಳು ಎತ್ತಿಲ್ಲದೆ ಹೊಲ ಹೇಗೆ ಮಾಡುತ್ತಾಳೆ, ನನಗೆ ಬಿಡಲಿ, ವರ್ಷಕ್ಕೆ ಉಣ್ಣುವಷ್ಟು ಜೋಳ ಹಾಕುತ್ತೇನೆ ಎಂದ. ಊರಿನ ದೈವದವರು, ಎಂದರೆ ನ್ಯಾಯ ಹೇಳುವ ಹಿರಿಯರು, ಕೂತು ಒಂದು ಮಾತು ಮಾಡಿದರು. ಕಾರಹುಣ್ಣಿಮೆಗೆ ಅಕ್ಕನ ಕೊಟ್ಟಿಗೆಯಲ್ಲಿ ಒಂದು ಜೊತೆ ದುಡಿಯುವ ಎತ್ತು ನಿಂತಿದ್ದರೆ ಹೊಲ ಅಕ್ಕನೇ ಮಾಡಬೇಕು. ಇಲ್ಲದಿದ್ದರೆ ಮೈದುನ ನೇಗಿಲು ಹೂಡಬೇಕು. ಆಕೆಯ ತಪ್ಪಿಲ್ಲದೆ ಏನಾದರೂ ಅಡ್ಡ ಬಂದರೆ, ಸಾಕ್ಷಿ ಸಮೇತ ಬಂದು ಹೇಳಿದರೆ, ಇನ್ನೊಂದು ಹಂಗಾಮು ಗಡುವು ಕೊಡುತ್ತೇವೆ ಎಂದೂ ಹೇಳಿದ್ದರು. ಆ ಕೂಟದಲ್ಲಿ ನಾನೂ ಇದ್ದೆ.

ಅಕ್ಕನ ಹತ್ತಿರ ಇದ್ದದ್ದು ಹತ್ತಿ. ಹಿಂದಿನ ವರ್ಷ ಮಾರದೆ ಇಟ್ಟದ್ದನ್ನೂ ಸೇರಿಸಿ ನಡುಮನೆಯ ತುಂಬ ತೊಲೆಯ ತನಕ ತುಳಿದು ತುಂಬಿದ್ದಳು. ಅದೇ ಆಕೆಯ ಎತ್ತು, ಅದೇ ಆಕೆಯ ಹೊಲ.

ಯುಗಾದಿ ಕಳೆದ ವಾರ ಗುಡ್ಡದ ಮೇಲೆ ಬಿಳಿ ಅರಿವೆ ಏರಿತು. ಎರಡನೆಯ ವಾರವೂ ಅದೇ. ನಾನು ಪಾಮನಕಲ್ಲೂರಿಗೆ ನಡೆದು ಹೋದೆ. ಅಕ್ಕ ಅಂಗಳದಲ್ಲಿ ಕೂತು ತೊಗರಿ ಕೇರುತ್ತಿದ್ದಳು.

"ಅಕ್ಕಾ, ತಡ ಮಾಡಬ್ಯಾಡ. ದರ ಬೀಳತೈತಿ. ಮುಂದಿನ ಸಂತಿಗೇ ಮಾರಿಬಿಡು."

ಆಕೆ ಮೊರ ನಿಲ್ಲಿಸಲಿಲ್ಲ. "ಯಾಕ ಬೀಳತೈತಿ?"

"ಅರಿವಿ ಬಿಳೀದು ಐತಿ."

"ತಮ್ಮಾ, ನಾ ಈ ಸಲ ಮೂರ ಮಂದಿ ಹೊಲಕ್ಕ ಹತ್ತಿ ಬಿಡಿಸಾಕ ಹೋಗೀನಿ. ಯಾರ ಗಿಡದಾಗೂ ಕಾಯಿಲ್ಲ. ಉಡಿ ತುಂಬಾಕ ಮಧ್ಯಾಹ್ನ ಆಗತಿತ್ತು. ಇಲ್ಲೂ ಇಲ್ಲ, ಜವಳಗೇರಿ ಕಡೀನೂ ಇಲ್ಲಂತ. ಮಾಲು ಇಲ್ಲಂದಮ್ಯಾಲ ದರ ಹೆಂಗ ಬೀಳತೈತೋ?"

ಆಕೆಯ ಮಾತು ಅಷ್ಟೇ ಇತ್ತು. ಈಗ ಬರೆಯುವಾಗ ಅದರಲ್ಲಿ ಸೇರಿಸಲು ತೆಗೆಯಲು ಏನೂ ಕಾಣುವುದಿಲ್ಲ. ಸಿಂಧನೂರಿಗೆ ಬಾಡಿಗೆ ಗಾಡಿ ಹೂಡಿಸಿಕೊಂಡು ಹೋಗಬೇಕೆಂದು ಆಕೆ ಯೋಚಿಸಿದ್ದಳು; ಅಲ್ಲಿ ಹೊರಗಿನ ವರ್ತಕರು ನಾಲ್ಕಾರು ಮಂದಿ ಬರುತ್ತಾರೆ, ಒಬ್ಬರ ಮೇಲೊಬ್ಬರು ಕೇಳುತ್ತಾರೆ ಎಂದು ಯಾರೋ ಹೇಳಿದ್ದರು.

ನಾನು ಗೋಡೆಯ ವಿಷಯ ತೆಗೆದೆ. ಎರಡು ಹಂಗಾಮಿನ ಗೆರೆಗಳು, ತಪ್ಪಿದವು ಇಷ್ಟೇ, ಹೊಂದಿದವು ಅಷ್ಟು ಎಂದು ವಿವರಿಸಿದೆ. ಮುಂಬಯಿಯಲ್ಲಿ ಇಳಿದರೆ ಇಲ್ಲಿ ಮಾಲಿದ್ದರೇನು ಇಲ್ಲದಿದ್ದರೇನು ಎಂದು ಮಕ್ಕಳಿಗೆ ಪಾಠ ಹೇಳುವ ದನಿಯಲ್ಲಿ ಹೇಳಿದೆ.

ಅಕ್ಕ ನಕ್ಕಳು. "ಅರಿವಿ ನೋಡಿ ಬದುಕು ಮಾಡೂದಾದ್ರ ಹೊಲ ಯಾಕ ಬೇಕೋ? ಅಗಸರ ಓಣ್ಯಾಗ ಹೋಗಿ ಕುಂತ್ರ ಸಾಕು. ಕೆಂಪು ಬಿಳಿ ಹಸರ ಎಲ್ಲಾ ಕಾಣತಾವು."

ನನಗೆ ಸಿಟ್ಟು ಬಂತು. "ಸಿಂಧನೂರಿಗೆ ಹೋಗಿ ಬರೂದ್ರಾಗ ಇನ್ನೂ ಬಿದ್ದ್ರ? ಎತ್ತು ಹೋದ್ರ ಹೊಲ ಹೋಗತೈತಿ. ಆಮ್ಯಾಲ ನನ್ನ ಮುಂದ ಅಳಬ್ಯಾಡ" ಎಂದೆ.

ಆಕೆ ಮೊರ ಕೆಳಗಿಟ್ಟಳು. "ನೀ ಓದಿದಾಂವ. ನೀ ಅಂತೀ ಅಂದ್ರ ಮಾರೋಣ" ಎಂದಳು. ಆಕೆ ಅರಿವೆಯನ್ನು ಕೊನೆಯ ತನಕ ನಂಬಲಿಲ್ಲ. ನನ್ನನ್ನು ನಂಬಿದಳು.

ಸಂತೆಯ ದಿನ ಎರಡು ಗಾಡಿ ಹತ್ತಿ ಅಡತಿ ಅಂಗಡಿಯ ಮುಂದೆ ನಿಂತಿತು. ನಮ್ಮಂತೆಯೇ ಬಿಳಿ ಅರಿವೆ ನೋಡಿ ಬಂದ ಗಾಡಿಗಳು ಹಳ್ಳದ ತನಕ ಸಾಲುಗಟ್ಟಿದ್ದವು. ಅಷ್ಟು ಗಾಡಿ ಕಂಡ ಮೇಲೆ, ದರ ಬೀಳುವುದು ನಿಜವೇ ಎಂದು ನನಗೆ ಇನ್ನೂ ಗಟ್ಟಿಯಾಯಿತು. ವಲ್ಲಿಯ ಅಡಿಯಲ್ಲಿ ಹೆಂಗಸರು ಕೈ ಇಡುವ ಪದ್ಧತಿ ಇರಲಿಲ್ಲ. ಅಕ್ಕ ಗಾಡಿಯ ಗಾಲಿ ಹಿಡಿದು ನಿಂತಳು, ನಾನು ಕೈ ಕೊಟ್ಟೆ.

ಸಾಹುಕಾರರ ಅಂಗೈ ಬೆವೆತಿರಲಿಲ್ಲ, ತಣ್ಣಗಿತ್ತು. ಮೊದಲು ಅವರು ಹಿಡಿದ ಬೆರಳುಗಳು ನಾನು ಎಣಿಸಿದ್ದಕ್ಕಿಂತ ಕಡಿಮೆ ಇದ್ದವು. ನಾನು ಇನ್ನೊಂದು ಬೆರಳು ಮುಂದೆ ಮಾಡಿದೆ. ಅವರು ಅದನ್ನು ಮೆಲ್ಲಗೆ ಮಡಿಸಿ ಹಿಂದಕ್ಕೆ ಕಳಿಸಿದರು. ಮುಖದಲ್ಲಿ ಮಾತ್ರ ನಗು. "ಮಾಸ್ತರ್ರ, ನಿಮಗ ನಾ ಹೇಳಬೇಕೇನ್ರೀ? ಗ್ವಾಡಿ ನಿಮ್ಮ ಹತ್ರನ ಐತಿ" ಎಂದರು. ಸುತ್ತ ನಿಂತವರು ನಕ್ಕರು. ನಾನೂ ನಕ್ಕೆ. ಕೈ ಕುಲುಕಿದೆ.

ಗಾಡಿಯ ಹತ್ತಿರ ಹೋಗಿ ದರ ಹೇಳಿದಾಗ ಅಕ್ಕ, "ಒಂದ ಎತ್ತಿಗೆ ಆಗತೈತಿ" ಎಂದಳು. ಜೊತೆಗೆ ಬೇಕಾದ ಇನ್ನೊಂದು ಎತ್ತು ಆ ವಲ್ಲಿಯ ಅಡಿಯಲ್ಲೇ ಉಳಿಯಿತು.

ಬಸವ ಜಯಂತಿ ಆದ ನಾಲ್ಕನೆಯ ದಿನ ಸಂಬಳ ತರಲು ಲಿಂಗಸುಗೂರಿನ ಖಜಾನೆಗೆ ಹೋದೆ. ಕೆಲಸ ಬೇಗ ಮುಗಿಯಿತು. ಮೋಟಾರಿಗೆ ಹೊತ್ತಿತ್ತೆಂದು ಜಿನ್ನಿನ ಕಡೆ ನಡೆದೆ. ಅಂಗಳದಲ್ಲಿ ನಮ್ಮ ಸಾಹುಕಾರರ ಗಾಡಿಗಳು ಹತ್ತಿ ತುಂಬಿದ ಅಂಡಿಗೆ ಚೀಲಗಳನ್ನು ಇಳಿಸುತ್ತಿದ್ದವು. ಕಟ್ಟೆಯ ಮೇಲೆ ಕೂತ, ಜಿನ್ನಿನ ಲೆಕ್ಕ ಬರೆಯುವ ಮುನೀಮರನ್ನು ಸುಮ್ಮನೆ ಮಾತಿಗೆಂದು ಕೇಳಿದೆ:

"ದರ ಯಾವಾಗ ಚೇತರಿಸಿಕೊಂತೈತ್ರಿ?"

ಅವರು ತಲೆ ಎತ್ತಿ ನೋಡಿದರು. "ಯಾವ ದರ?"

"ಹತ್ತೀದು. ಯುಗಾದಿ ಆದಮ್ಯಾಲ ಇಳಿದೈತಲ್ರಿ."

"ಎಲ್ಲಿ ಇಳಿದೈತ್ರೀ? ಏರಾಕತ್ತೈತಿ. ಯುಗಾದಿಗಿಂತ ಮದಲಿನಿಂದ ಏರಾಕತ್ತೈತಿ. ಮಾಲೇ ಇಲ್ಲ ಈ ಸಲ. ನಿಮ್ಮ ಮಸ್ಕಿ ಸಾಹುಕಾರ್ರದು ನಸೀಬ ನೋಡ್ರಿ, ಅವರಿಗೆ ಎಲ್ಲಿಂದ ಸಿಗತೈತೋ ಏನೋ" ಎಂದರು.

ಅಕ್ಕ ಅಂಗಳದಲ್ಲಿ ಮೊರ ಹಿಡಿದು ಹೇಳಿದ್ದ ಮಾತನ್ನೇ, ಆಕೆಯನ್ನು ಕಂಡಿರದ ಮನುಷ್ಯ ಹೇಳುತ್ತಿದ್ದ. ಕಟ್ಟೆಯ ಅಂಚಿಗೆ ಕೂತೆ. ಅವರು ನೀರು ತರಿಸಿದರು.

ಮರುದಿನ ಮದರಸಾ ಬಿಟ್ಟ ಮೇಲೆ ಗುಡ್ಡ ಹತ್ತಿದೆ. ದಿನಾ ಗುಡ್ಡ ನೋಡುತ್ತಿದ್ದವನು ಆ ಬಂಡೆಯ ತನಕ ಹೋದದ್ದು ಅದೇ ಮೊದಲು. ಅರಿವೆ ಕಟ್ಟುತ್ತಿದ್ದವನು ಸಾಹುಕಾರರ ಹಳೆಯ ಆಳು, ವಯಸ್ಸಾದವನು. ಗಳದ ನೆರಳಿನಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಮೇಲೆ ಕೆಂಪು ಅರಿವೆ ಇತ್ತು.

"ಬರ್ರಿ ಮಾಸ್ತರ್ರ, ಏನ ಇಷ್ಟ ದೂರ?"

"ಸುಮ್ನ ಬಂದೆ, ಯಜಮಾನಾ. ಒಂದ ಮಾತ ಕೇಳ್ತೀನಿ. ಯಾವ ಅರಿವಿ ಕಟ್ಟಬೇಕಂತ ನಿನಗ ಹೆಂಗ ಗೊತ್ತಾಗತೈತಿ? ಚೀಟಿ ಬರತೈತೇನು?"

"ಎಂಥಾ ಚೀಟಿರೀ, ನನಗ ಓದಾಕ ಎಲ್ಲಿ ಬರತೈತಿ? ಮಂದಿ ಹೇಳಾಕೂ ಬರೂದಿಲ್ಲ. ನಾನ ಗ್ವಾದಾಮ ನೋಡಿ ಕಟ್ತೀನಿ."

"ಗ್ವಾದಾಮ ನೋಡಿ?"

"ಹೂನ್ರಿ. ಗ್ವಾದಾಮ ಖಾಲಿ ಇತ್ತಂದ್ರ ಬಿಳೀದು. ತುಂಬಿತಂದ್ರ ಕೆಂಪು. ಸಾಹುಕಾರ್ರು ಮದ್ಲ ದಿನಾನ ಹೇಳಿಬಿಟ್ಟಾರ. ಬಿಳೀದ ಕಟ್ಟಿದ್ರ ಗಾಡಿ ಬರತಾವು, ಕೆಂಪ ಕಟ್ಟಿದ್ರ ನಿಲ್ಲತಾವು. ಒಳಗ ಜಾಗಾ ಬೇಕಲ್ರಿ."

ಅವನ ಮುಖದಲ್ಲಿ ಕಳ್ಳತನವಿರಲಿಲ್ಲ. ಕೆರೆಯ ತೂಬು ತೆಗೆಯುವವನು ತನ್ನ ಕೆಲಸ ಹೇಳಿದಂತೆ ಹೇಳಿದ. "ಇದನ್ನ ಯಾರಿಗರೆ ಹೇಳಿಯೇನು?" ಎಂದೆ. "ಯಾರೂ ಕೇಳಿಲ್ರಿ" ಎಂದ.

ಗುಡ್ಡ ಇಳಿಯುವಾಗ ಎಲ್ಲವೂ ಒಂದೊಂದಾಗಿ ತಿಳಿಯಿತು. ಬಿಳಿ ಅರಿವೆ ಕಂಡು ಎಲ್ಲರೂ ಒಂದೇ ಸಂತೆಗೆ ಗಾಡಿ ಹೂಡುತ್ತಿದ್ದರು. ಅಷ್ಟು ಗಾಡಿ ಬಂದರೆ ಮಸ್ಕಿಯಲ್ಲಿ ದರ ಬಿದ್ದೇ ಬೀಳುತ್ತಿತ್ತು. ಕೆಂಪು ಕಂಡು ಎಲ್ಲರೂ ಮನೆಯಲ್ಲಿ ಇಟ್ಟುಕೊಂಡರೆ ಏರುತ್ತಿತ್ತು. ಸಾಹುಕಾರರು ನನಗೆ ಹೇಳಿದ ದರದಲ್ಲೂ ಬಹುಶಃ ಬಹಳ ಸುಳ್ಳು ಇರಲಿಲ್ಲ. ಮುಂಬಯಿ, ತಾರು, ಮೋಟಾರು, ಕುದುರೆ ಯಾವುದಕ್ಕೂ ಇದರಲ್ಲಿ ಕೆಲಸವಿರಲಿಲ್ಲ. ಕೆಲಸವಿದ್ದದ್ದು ನಮ್ಮ ನಂಬಿಕೆಗೆ. ಅದನ್ನು ಗಟ್ಟಿಗೊಳಿಸಲು ಲಾಭವಿಲ್ಲದ ಒಬ್ಬ ಮನುಷ್ಯ ಬೇಕಾಗಿದ್ದ. ನಾನು ಸಿಕ್ಕಿದ್ದೆ.

ಕಾರಹುಣ್ಣಿಮೆಗೆ ಇನ್ನೂ ಒಂದು ತಿಂಗಳ ಮೇಲೆ ದಿನಗಳಿದ್ದವು. ಪಾಮನಕಲ್ಲೂರು ನನಗೆ ಅರ್ಧ ದಿನದ ನಡಿಗೆ. ನಾನು ಹೋಗಲಿಲ್ಲ.

ಕಾರಣಗಳನ್ನು ಆಗ ಬಹಳ ಹುಡುಕಿಕೊಂಡೆ. ಸಾಹುಕಾರರಿಗೆ ತಹಶೀಲಿನಲ್ಲಿ ಬಳಕೆಯಿತ್ತು, ನನ್ನದು ಸರ್ಕಾರಿ ನೌಕರಿ. ಮಾರಿದ ಹತ್ತಿ ತಿರುಗಿ ಬರುವುದಿಲ್ಲ. ಆಳಿನ ಮಾತು ಅವನೇ ನಾಳೆ ಇಲ್ಲವೆಂದರೆ? ಇವೆಲ್ಲ ನಿಜವೇ. ಆದರೆ ನನ್ನನ್ನು ತಡೆದದ್ದು ಇವಲ್ಲ. ಹೇಳಬೇಕೆಂದರೆ ಮೊದಲು ಗೋಡೆಯ ವಿಷಯ ಹೇಳಬೇಕಿತ್ತು. ಅಕ್ಕನ ಮುಂದೆ, ದೈವದವರ ಮುಂದೆ, ನನ್ನ ಮಾತು ಕೇಳಿ ಗಾಡಿ ಹೂಡಿದ ಅಷ್ಟೂ ಜನರ ಮುಂದೆ. ಸಂತೆಯ ದಿನ ಹೊಟ್ಟೆನೋವೆಂದು ಮನೆಯಲ್ಲಿ ಮಲಗಿದೆ. ಅಂಗಡಿಗೆ ಹೋಗುವುದನ್ನು ಬಿಟ್ಟೆ. ಬಿಟ್ಟದ್ದೇ ದೊಡ್ಡ ಪ್ರಾಮಾಣಿಕತೆ ಎಂದುಕೊಂಡೆ.

ಕಾರಹುಣ್ಣಿಮೆಯ ದಿನ ಅಕ್ಕನ ಕೊಟ್ಟಿಗೆಯಲ್ಲಿ ಹೊಸ ಎತ್ತು ಒಂದೇ ನಿಂತಿತ್ತು. ಪಕ್ಕದಲ್ಲಿ ಮುದಿ ಎತ್ತು. ದೈವದವರು ಬಂದು ನೋಡಿ ಹೋದರು. ಮೂರನೆಯ ದಿನ ಮೈದುನ ನೇಗಿಲು ಹೂಡಿದ.

ನಾನು ಹೋದದ್ದು ಮಳೆ ಬಿದ್ದು, ಬಿತ್ತಿಗೆ ಮುಗಿದು, ಪೈರು ಗೇಣುದ್ದ ಬಂದ ಮೇಲೆ. ಅಕ್ಕ ಮನೆಯಲ್ಲಿರಲಿಲ್ಲ. ಹೊಲದಲ್ಲಿದ್ದಳು. ತನ್ನದೇ ಹೊಲದಲ್ಲಿ ನಾಲ್ಕು ಜನ ಆಳು ಹೆಂಗಸರ ಜೊತೆ ಸಾಲು ಹಿಡಿದು ಕಳೆ ತೆಗೆಯುತ್ತಿದ್ದಳು. ಬದುವಿಗೆ ಕರೆದು ಕೂಡಿಸಿ ಎಲ್ಲ ಹೇಳಿದೆ. ಮುನೀಮರ ಮಾತು, ಆಳಿನ ಮಾತು, ಗೋಡೆ, ಒಂದೂ ಬಿಡದೆ.

ಆಕೆ ಕಳೆ ತೆಗೆಯುವ ಕುರ್ಚಿಗೆಗೆ ಹತ್ತಿದ ಮಣ್ಣನ್ನು ಹೆಬ್ಬೆರಳಿನಿಂದ ಕೆರೆಯುತ್ತ ಕೇಳಿದಳು. ಸಾಹುಕಾರರನ್ನು ಬೈಯಬಹುದೆಂದು ಕಾದೆ. ಬೈಯಲಿಲ್ಲ.

"ನಿನಗ ಇದು ಯಾವಾಗ ಗೊತ್ತಾತು?" ಎಂದಳು.

"ಬಸವ ಜಯಂತಿ ಆದಮ್ಯಾಲ."

"ಅವಾಗ ಇನ್ನಾ ಹುಣ್ಣಿವಿ ಬಂದಿದ್ದಿಲ್ಲ."

"ಬಂದಿದ್ದಿಲ್ಲ."

"ದೈವದವ್ರು ಅವತ್ತ ಕೊಟ್ಟಿಗ್ಯಾಗ ನಿಂತು ಕೇಳಿದ್ರು. ಏನವಾ, ಅಡ್ಡ ಏನರ ಬಂದಿತ್ತೇನು, ಸಾಕ್ಷಿ ಐತೇನು ಅಂದ್ರು. ದರ ಬಿತ್ತು, ಎಲ್ಲಾರಿಗೂ ಬಿತ್ತು, ಯಾರದೇನ ತಪ್ಪಿಲ್ರಿ ಅಂದೆ." ಕುರ್ಚಿಗೆಯನ್ನು ಕೆಳಗಿಟ್ಟು, "ನಾನ ನನ್ನ ಬಾಯಿಲೆ ಅಂದೆ ತಮ್ಮಾ" ಎಂದಳು.

ಈಗ ಹೋಗೋಣ, ಈಗಲಾದರೂ ನಾನು ಬಂದು ಹೇಳುತ್ತೇನೆ ಎಂದೆ. ಬಿತ್ತಿದ ಪೈರನ್ನು ಕೈಮಾಡಿ ತೋರಿಸಿದಳು. ಬಿತ್ತಿದವನ ಹೊಲದಿಂದ ಅವನನ್ನು ಎಬ್ಬಿಸುವ ಪದ್ಧತಿ ನಮ್ಮಲ್ಲಿಲ್ಲ ಎಂದು ನನಗೂ ಗೊತ್ತಿತ್ತು. ಆದರೂ ದೈವದವರ ಬಳಿ ಹೋದೆ. ಅವರು ಪೂರ್ತಿ ಕೇಳಿ, "ಮಾಸ್ತರ್ರ, ನಿಮ್ಮ ಮಾತು ಖರೇ ಇರಬೇಕು. ಹುಣ್ಣಿವಿಗಿಂತ ಮದ್ಲ ಬಂದಿದ್ರ ಆಗತಿತ್ತು" ಎಂದರು. ಮಸ್ಕಿಯಲ್ಲಿಯೂ ಸಿಕ್ಕವರಿಗೆಲ್ಲ ಹೇಳಿದೆ. ಕೆಲವರು ನಂಬಿದರು. ಹೆಚ್ಚಿನವರು, ಅಕ್ಕನ ಹೊಲ ಹೋದದ್ದಕ್ಕೆ ಮಾಸ್ತರರು ಸಾಹುಕಾರರ ಮೇಲೆ ಹಗೆ ಸಾಧಿಸುತ್ತಿದ್ದಾರೆ ಎಂದರು. ಗೋಡೆ ಬಹಳ ಚೆನ್ನಾಗಿ ಕೆಲಸ ಮಾಡಿತ್ತು. ಅದನ್ನು ಬರೆದವನ ಮಾತಿಗಿಂತ ಅದರ ಮಾತೇ ನಡೆಯುತ್ತಿತ್ತು. ಮುಂದಿನ ಹಂಗಾಮಿಗೂ ಗಾಡಿಗಳು ಅರಿವೆ ನೋಡಿಯೇ ಬಂದವು.

ಎರಡು ವರ್ಷದ ಮೇಲೆ ಮೈದುನ ಹೊಲವನ್ನು ತನ್ನ ಹೆಸರಿಗೆ ಬರೆಸಿಕೊಂಡ. ಹೆಬ್ಬೆಟ್ಟು ಒತ್ತುವ ಮೊದಲು ಕಾಗದದಲ್ಲಿ ಏನಿದೆ ಎಂದು ಓದಿಸಿ ಕೇಳಬೇಕೆಂದು ಅಕ್ಕ ಹಟ ಹಿಡಿದಳಂತೆ. ನನ್ನನ್ನು ಕರೆಸುತ್ತಾಳೆ ಎಂದು ಎಲ್ಲರೂ ತಿಳಿದಿದ್ದರು. ಆಕೆ ಗೊರೇಬಾಳದಿಂದ, ಓದಲು ಬಲ್ಲ, ಗುರುತು ಪರಿಚಯವಿಲ್ಲದ ಒಬ್ಬರನ್ನು ಗಾಡಿ ಕಳಿಸಿ ಕರೆಸಿಕೊಂಡಳು.